ಮೇಲಿನ ಕೋಣೆ

ನಮ್ಮ ಆಫೀಸಿನ ಬಾಗಿಲಲ್ಲಿ ‘ಆಂಟನಿ ಲೂಯಿಸ್, ಆರ್ಕಿಟೆಕ್ಟ್’ ಎಂಬ ಬೋರ್ಡು ಇದೆ. ನಕ್ಷೆಗಳಿಗೆ ಸಹಿ ಹಾಕುವವನು ನಾನು, ಮನೆ ಸೋರಿದರೆ ಬೈಗುಳ ತಿನ್ನುವವನೂ ನಾನೇ. ಆದರೂ ಉಡುಪಿಯ ಕಲ್ಸಂಕದ ಈ ಮಹಡಿಯಿಂದ ಒಂದು ನಕ್ಷೆ ಹೊರಗೆ ಹೋಗಬೇಕಾದರೆ ಸೌಮ್ಯಶ್ರೀ ತನ್ನ ಕೆಂಪು ಪೆನ್ಸಿಲನ್ನು ಕೆಳಗಿಡಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ನನಗೆ ಕೋಪ ಮೂಗಿನ ತುದಿಯಲ್ಲಿ. ಮೇಜು ಗುದ್ದುತ್ತೇನೆ, ಫೋನು ಕುಕ್ಕುತ್ತೇನೆ. ಆಕೆ ತಲೆ ಎತ್ತಿಯೂ ನೋಡುವುದಿಲ್ಲ.

ಸೌಮ್ಯಶ್ರೀ ಪಡುಬಿದ್ರಿಯವಳು. ತಂದೆ ದೋಣಿಯಲ್ಲಿ ದುಡಿದವರು, ತಾಯಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಡಿಪ್ಲೊಮಾ ಮುಗಿಸಿ ಆಕೆ ನನ್ನಲ್ಲಿಗೆ ಬಂದಾಗ ನಾವಿನ್ನೂ ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ಗೆರೆ ಎಳೆಯುತ್ತಿದ್ದೆವು. ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆದು ತೆಗೆಯಬೇಕಿತ್ತು. ಕೆರೆಯುವ ಕಷ್ಟಕ್ಕೆ ಹೆದರಿ, ಎಳೆಯುವ ಮೊದಲೇ ಹತ್ತು ಸಲ ಯೋಚಿಸುವ ಚಾಳಿ ಹತ್ತಿತು ಆಕೆಗೆ. ಆಮೇಲೆ ಕಂಪ್ಯೂಟರು ಬಂತು. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ ಯೋಗೀಶನ ಜತೆ ಮದುವೆಯಾಯಿತು, ಮಕ್ಕಳಾದರು, ಕನ್ನಡಕ ಬಂತು. ಚಾಳಿ ಮಾತ್ರ ಬಿಡಲಿಲ್ಲ. ಈಗ ಆಕೆಯ ಕೆಲಸ ಗೆರೆ ಎಳೆಯುವುದಲ್ಲ, ಬೇರೆಯವರು ಎಳೆದದ್ದನ್ನು ನೋಡುವುದು.

ಮನೆಯ ಮೊದಲ ಸ್ಕೆಚ್ಚಿಗೆ ಎಲ್ಲರೂ ತಲೆದೂಗುತ್ತಾರೆ. ಅದಾದ ಮೇಲೆ, ಕಲ್ಲು ಕಟ್ಟುವವರ ಕೈಗೆ ನಕ್ಷೆ ಕೊಡುವ ಮೊದಲು, ನಡುವೆ ಒಂದು ಕಾಲ ಇದೆ. ಕಂಬ ಎಲ್ಲಿ, ಮೆಟ್ಟಿಲು ಎಲ್ಲಿ, ಬಚ್ಚಲಿನ ಪೈಪು ಯಾವ ಗೋಡೆಯಲ್ಲಿ ಇಳಿಯಬೇಕು, ಕಿಟಕಿ ಎಷ್ಟು ಎತ್ತರ, ಇವೆಲ್ಲ ತೀರ್ಮಾನವಾಗುವುದು ಆಗ. ಒಂದನ್ನು ಎಳೆದರೆ ಇನ್ನೊಂದು ಜಾರುತ್ತದೆ. ತಪ್ಪು ಆಗಲೇ ಸಿಕ್ಕಿದರೆ ಅಳಿಸಿದರೆ ಆಯಿತು. ಆಮೇಲೆ ಸಿಕ್ಕಿದರೆ ಗೋಡೆ ಒಡೆಯಬೇಕು, ಇಲ್ಲವೇ ಆ ತಪ್ಪಿನೊಳಗೇ ಜೀವಮಾನ ಕಳೆಯಬೇಕು. ಹೆಚ್ಚಿನವರು ಕಳೆಯುತ್ತಾರೆ. ಮನೆ ಕಟ್ಟಿ ನೋಡು ಎಂದ ಹಿರಿಯರು ಕಟ್ಟಿದ ಮೇಲೆ ಇದ್ದು ನೋಡು ಎಂದೂ ಸೇರಿಸಬೇಕಿತ್ತು.

ಈ ನಡುಗಾಲದಲ್ಲಿ ಸೌಮ್ಯಶ್ರೀ ಮಾಡುವ ಕೆಲಸ ನೋಡಿದರೆ ಹೊಸಬರಿಗೆ ನಗು ಬರುತ್ತದೆ. ನಕ್ಷೆಯನ್ನು ದೊಡ್ಡ ಕಾಗದದಲ್ಲಿ ಪ್ರಿಂಟು ತೆಗೆಸಿ ಮೇಜಿನ ಮೇಲೆ ಹರಡುತ್ತಾಳೆ. ಆ ಮನೆಯಲ್ಲಿ ಇರಬೇಕಾದವರಲ್ಲಿ ಒಬ್ಬರನ್ನು ಆರಿಸಿಕೊಂಡು ಹಾಸಿಗೆಯಿಂದ ಎಬ್ಬಿಸುತ್ತಾಳೆ. ಪೆನ್ಸಿಲಿನ ತುದಿ ಆ ಮನುಷ್ಯ. ಅದು ಹಾಸಿಗೆಯಿಂದ ಇಳಿದು ಬಚ್ಚಲಿಗೆ ಹೋಗುತ್ತದೆ, ಒಲೆ ಹಚ್ಚುತ್ತದೆ, ಹಾಲು ತರಲು ಗೇಟಿಗೆ ಹೋಗುತ್ತದೆ, ಮಳೆಯಲ್ಲಿ ನೆನೆದು ಬರುತ್ತದೆ. ಜತೆಗೆ ತುಳುವಿನಲ್ಲಿ ಗೊಣಗಾಟ. ‘ಒದ್ದೆ ಕೊಡೆ ಎಲ್ಲಿ ಇಡುವುದು? ಮೀನು ತೊಳೆದ ನೀರು ಎಲ್ಲಿಗೆ ಹೋಗುವುದು? ಅತ್ತೆ ಟಿವಿ ನೋಡುವಾಗ ಸೊಸೆ ಬಟ್ಟೆ ಬದಲಿಸಲು ಯಾವ ದಾರಿಯಲ್ಲಿ ಹೋಗುವುದು?’ ಒಬ್ಬರ ದಿನ ಮುಗಿದರೆ ಇನ್ನೊಬ್ಬರನ್ನು ಎಬ್ಬಿಸುತ್ತಾಳೆ. ಪೆನ್ಸಿಲು ಸಿಕ್ಕಿಹಾಕಿಕೊಂಡಲ್ಲಿ ಒಂದು ಕೆಂಪು ಸೊನ್ನೆ ಬೀಳುತ್ತದೆ. ನನ್ನ ಎಷ್ಟೋ ಚಂದದ ಯೋಚನೆಗಳು ಆ ಸೊನ್ನೆಗಳಲ್ಲಿ ಮುಳುಗಿವೆ.

ಇದಕ್ಕೊಂದು ಹಿಂದಿನ ಕತೆ ಇದೆ, ಆಕೆಯೇ ಹೇಳಿದ್ದು. ಪಡುಬಿದ್ರಿಯಲ್ಲಿ ಅಣ್ಣ ಹೊಸ ಮನೆ ಕಟ್ಟಿಸಿದಾಗ ಪ್ರತಿಯೊಂದಕ್ಕೂ ತಾಯಿಯನ್ನು ಕೇಳಿದ್ದನಂತೆ. ತಾಯಿ ಪ್ರತಿಯೊಂದಕ್ಕೂ ‘ಆವು’ ಅಂದರಂತೆ. ತುಳುವಿನಲ್ಲಿ ಹಾಗೆಂದರೆ ಆಗಬಹುದು. ಹೊಸ ಅಡುಗೆಮನೆಯ ಗ್ರಾನೈಟ್ ಕಟ್ಟೆ ಹೊಳೆಯುತ್ತಲೇ ಉಳಿಯಿತು. ತಾಯಿ ಸಾಯುವವರೆಗೂ ಹಿತ್ತಲಿನ ಸೂರಿನಡಿ ನೆಲದಲ್ಲೇ ಕುಳಿತು ಮೀನು ಕೊಯ್ದರು, ಅಲ್ಲೇ ಸಾರು ಕುದಿಸಿದರು. ನಿಂತು ಅಡುಗೆ ಮಾಡಿ ಅವರಿಗೆ ಅಭ್ಯಾಸವೇ ಇರಲಿಲ್ಲ. ಯಾರ ಮೇಲೂ ಅವರು ದೂರು ಹೇಳಲಿಲ್ಲ.

“ಇಷ್ಟವಾದರೆ ಜನ ತಕರಾರು ಮಾಡ್ತಾರೆ ಸರ್. ಅದು ಸಣ್ಣದಾಯಿತು, ಇದು ದೊಡ್ಡದಾಯಿತು ಅಂತ ಹೇಳ್ತಾರೆ. ತಕರಾರೇ ಇಲ್ಲದ ಒಪ್ಪಿಗೆ ಉಂಟಲ್ಲ, ಅದು ಕಂಡರೆ ನನಗೆ ಹೆದರಿಕೆ” ಎನ್ನುತ್ತಾಳೆ ಸೌಮ್ಯಶ್ರೀ. ಹೆದರಿಕೆಗೆಲ್ಲ ನನ್ನಲ್ಲಿ ಪುರುಸೊತ್ತಿಲ್ಲ ಎಂದು ನಾನು ಎಷ್ಟೋ ಸಲ ಗದರಿದ್ದೇನೆ.

ಈಗ ಹೇಳಲು ಹೊರಟಿದ್ದು ಹೆಜಮಾಡಿಯ ಧನರಾಜನ ಮನೆಯ ವಿಷಯ. ಧನರಾಜ್ ಬೋಟಿನವನು, ಮಾತು ಕಡಿಮೆ. ಕಡಲ ದಡದಲ್ಲಿದ್ದ ಹಳೆಯ ಹಂಚಿನ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಹೊಸತು ಕಟ್ಟಬೇಕೆಂದು ತಾಯಿ ನಳಿನಾಕ್ಷಿಯವರನ್ನು ಕರೆದುಕೊಂಡು ಬಂದ. ಅವನ ಹೆಂಡತಿ ಭವ್ಯಶ್ರೀ ಶಾಲೆಯಲ್ಲಿ ಟೀಚರು, ರಜೆ ಸಿಗದೆ ಬಂದಿರಲಿಲ್ಲ. ಅಂದು ಸೌಮ್ಯಶ್ರೀಯೂ ರಜೆಯಲ್ಲಿದ್ದಳು. ಕಡಲಿನಿಂದ ಎಷ್ಟು ಜಾಗ ಬಿಡಬೇಕೆಂಬ ಕಾನೂನನ್ನು ನಾನು ಧನರಾಜನಿಗೆ ನನ್ನ ಕೋಣೆಯಲ್ಲಿ ವಿವರಿಸುತ್ತಿದ್ದೆ. ಹೊರಗೆ ನಳಿನಾಕ್ಷಿಯವರ ಜತೆ ಕುಳಿತವನು ಹನುಮೇಶ.

ಹನುಮೇಶ ನಮ್ಮ ಆಫೀಸಿನ ಆರ್ಕಿಟೆಕ್ಟ್. ಅವನ ಅಪ್ಪ ಹೊಳೆಪ್ಪ ಬಾಗಲಕೋಟೆ ಕಡೆಯಿಂದ ಕಾರ್ಕಳಕ್ಕೆ ಕಲ್ಲಿನ ಕೆಲಸಕ್ಕೆ ಬಂದು ಅಲ್ಲೇ ನಿಂತವರು. ಹುಡುಗ ಜಾಣ, ಕೈಯಲ್ಲಿ ಕಲೆ ಇದೆ. ತುಳು ಅರ್ಥವಾಗುತ್ತದೆ, ಮಾತಾಡಲು ನಾಚಿಕೆ. ಆಫೀಸಿನಲ್ಲಿ ಪುಸ್ತಕದಂತೆ ಕನ್ನಡ ಮಾತಾಡುತ್ತಾನೆ. ಗಾಬರಿಯಾದರೆ ಮಾತ್ರ ಅಪ್ಪನ ಊರು ಹೊರಬೀಳುತ್ತದೆ. ನನ್ನ ಮನೆಮಾತು ಕೊಂಕಣಿ, ಸೌಮ್ಯಶ್ರೀಯದು ತುಳು, ಅವನದು ಬಾಗಲಕೋಟೆ. ಮೂವರೂ ಸಂಧಿಸುವುದು ಕನ್ನಡದಲ್ಲಿ. ನಳಿನಾಕ್ಷಿಯವರೂ ಆಫೀಸು ಎಂಬ ಗೌರವಕ್ಕೆ, ಎದುರಿಗಿದ್ದ ಹುಡುಗ ತುಳುವಿನವನಲ್ಲ ಎಂಬ ದಾಕ್ಷಿಣ್ಯಕ್ಕೆ, ಅಂದು ಕನ್ನಡದಲ್ಲೇ ಮಾತಾಡಿದರು.

“ನಿಮಗೆ ಹೇಗಿರಬೇಕು ಅಮ್ಮಾ?” ಎಂದು ಹನುಮೇಶ ಕೇಳಿದ.

“ನನಗೆ ದೊಡ್ಡದೇನೂ ಬೇಡ ಮಗ. ಮೇಲಿನ ಕೋಣೆ ಒಂದು ಕೊಟ್ಟರೆ ಸಾಕು” ಎಂದರು ಅವರು.

ಹನುಮೇಶನಿಗೆ ಖುಷಿಯಾಯಿತು. ಅವನ ಅಜ್ಜಿ ಊರಿನಲ್ಲಿ ಬೇಸಗೆಯಿಡೀ ಮಾಳಿಗೆಯ ಮೇಲೆಯೇ ಮಲಗುತ್ತಿದ್ದರಂತೆ, ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲವಂತೆ. ಈ ಅಮ್ಮನಿಗೂ ಗಾಳಿ ಬೆಳಕು ಬೇಕೆಂದುಕೊಂಡ. ಮಹಡಿಯಲ್ಲಿ ಪಶ್ಚಿಮಕ್ಕೆ ಒಂದು ಕೋಣೆ ಬರೆದು ಅದಕ್ಕೆ ತಗ್ಗಿನ ಕಿಟಕಿ ಇಟ್ಟ. ಹಾಸಿಗೆಯಲ್ಲಿ ಕುಳಿತರೂ ಕಡಲು ಪೂರ್ತಿ ಕಾಣಬೇಕು. ಆ ಕಿಟಕಿಗೋಸ್ಕರ ಮೇಲಿನ ತೊಲೆಯನ್ನೇ ಸರಿಸಿದ್ದ. ನಾನು ನೋಡಿ ಭೇಷ್ ಎಂದೆ. ನಿಜವಾಗಿಯೂ ಚಂದವಿತ್ತು.

ಎರಡನೆಯ ಸಲ ತಾಯಿ ಮಗ ಬಂದಾಗಲೂ ಸೌಮ್ಯಶ್ರೀ ಆಫೀಸಿನಲ್ಲಿರಲಿಲ್ಲ. ನಾವಿಬ್ಬರೇ ಕಂಪ್ಯೂಟರಿನಲ್ಲಿ ಮನೆಯನ್ನು ತಿರುಗಿಸಿ ತೋರಿಸಿದೆವು. ನಳಿನಾಕ್ಷಿಯವರು ತಮ್ಮ ಕೋಣೆಯನ್ನು ನೋಡಿದರು, ಅದಕ್ಕೆ ಹತ್ತುವ ಮೆಟ್ಟಿಲನ್ನು ನೋಡಿದರು, ಸೆರಗು ಸರಿಮಾಡಿಕೊಂಡು “ಆಗಬಹುದು” ಎಂದರು. ಧನರಾಜ್ ಹನುಮೇಶನನ್ನು ಬದಿಗೆ ಕರೆದು, ಅಮ್ಮನ ಕೋಣೆ ಮಹಡಿಯಲ್ಲಿ ಯಾಕೆ ಎಂದು ಕೇಳಿದನಂತೆ. ಅವರೇ ಕೇಳಿದ್ದು ಎಂದ ಹನುಮೇಶ. ಧನರಾಜ್ ಮತ್ತೆ ಮಾತಾಡಲಿಲ್ಲ. ಮೊದಲೇ ಮಾತು ಕಡಿಮೆಯ ಮನುಷ್ಯ, ನಾವು ಯಾರೂ ಅದನ್ನು ಲೆಕ್ಕಕ್ಕೆ ಇಡಲಿಲ್ಲ. ಕೆಸರುಕಲ್ಲು, ಎಂದರೆ ಅಡಿಗಲ್ಲು, ಹಾಕಲು ದಿನವನ್ನೂ ನೋಡಿಯಾಯಿತು. ನಕ್ಷೆ ಮಣಿಪಾಲದ ಸ್ಟ್ರಕ್ಚರಲ್ ಎಂಜಿನಿಯರಿಗೆ ಹೋಗುವುದೊಂದು ಬಾಕಿ.

ಹೋಗುವ ಮೊದಲು ಸೌಮ್ಯಶ್ರೀ ನಳಿನಾಕ್ಷಿಯವರನ್ನು ಎಬ್ಬಿಸಿದಳು.

ಪೆನ್ಸಿಲು ಹಾಸಿಗೆಯಿಂದ ಇಳಿಯಿತು, ಬಚ್ಚಲಿಗೆ ಹೋಗಿಬಂತು, ಮೆಟ್ಟಿಲ ತಲೆಯಲ್ಲಿ ನಿಂತಿತು. ನಿಂತೇ ಇತ್ತು.

“ಇವರ ಮೊಣಕಾಲು ಹೇಗುಂಟು ಹನುಮೇಶ?”

“ಸ್ವಲ್ಪ ಹಿಡಿದುಕೊಂಡು ನಡೆಯುತ್ತಾರೆ ಅಕ್ಕಾ.”

“ಮತ್ತೆ ಬೆಳಿಗ್ಗೆ ಚಾ ಕುಡಿಯಲು ಇಳಿದವರು ಹತ್ತುವುದು ಯಾವಾಗ?”

“ಅವರೇ ಕೇಳಿದ್ದು ಅಕ್ಕಾ, ಮೇಲಿನ ಕೋಣೆ ಬೇಕು ಅಂತ. ತೋರಿಸಿದಾಗಲೂ ಒಪ್ಪಿದರು.”

“ಒಪ್ಪಿದ್ದು ಹೇಗೆ? ಎಂತ ಹೇಳಿದರು? ಅದೇ ಶಬ್ದ ಹೇಳು.”

“ಆಗಬಹುದು ಅಂದರು.”

ಸೌಮ್ಯಶ್ರೀ ಮೆಟ್ಟಿಲಿನ ಮೇಲೆ ಕೆಂಪು ಸೊನ್ನೆ ಹಾಕಿದಳು. “ಆಗಬಹುದು ಅಂತ ಸೊಸೆ ನೋಡಲು ಹೋದಾಗಲೂ ಹೇಳ್ತಾರೆ, ಆಸ್ಪತ್ರೆಗೆ ಸೇರಿಸುವಾಗಲೂ ಹೇಳ್ತಾರೆ. ಇದು ಯಾವುದು ಮಾರಾಯ?”

ನನಗೆ ಪಿತ್ತ ನೆತ್ತಿಗೇರಿತು. ಕೇಳಿದ್ದು ಅವರು, ಒಪ್ಪಿದ್ದು ಅವರು, ಹೆತ್ತ ಮಗನಿಗಿಲ್ಲದ ಚಿಂತೆ ನಿನಗೆ ಯಾಕೆ ಎಂದು ಕಿರುಚಿದೆ. ಆಕೆ ಕನ್ನಡಕ ತೆಗೆದು ಒರೆಸಿದಳು. “ಸರ್, ಆ ಹೆಂಗಸು ಈ ಮೆಟ್ಟಿಲು ಇಳಿಯುವುದಿಲ್ಲ. ಮೊದಲ ವರ್ಷ ಇಳಿಯಬಹುದು. ಆಮೇಲೆ ಊಟ ಮೇಲೆಯೇ ಹೋಗ್ತದೆ. ಆಮೇಲೆ ನೆಂಟರು ಬಂದದ್ದು, ಹೋದದ್ದು ಅವರಿಗೆ ಗೊತ್ತಾಗುವುದಿಲ್ಲ. ಅವರಿಗೆ ಅದೇ ಬೇಕಾದರೆ ಸರಿ. ಒಮ್ಮೆ ಕೇಳಿ ಬರುವ. ಹೊಳೆಗೆ ಹಾಕಿದರೂ ಅಳೆದು ಹಾಕು ಅಂತ ನೀವೇ ಹೇಳುವುದಲ್ವಾ?” ನಾನು ಹೇಳುವುದು ಸಿಮೆಂಟಿನ ಬಗ್ಗೆ. ಆದರೂ ಕಾರಿನ ಕೀಲಿ ತೆಗೆದುಕೊಂಡೆ. ಹನುಮೇಶ ಮುಖ ಊದಿಸಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತ. ಅವನ ಕಿಟಕಿಗೆ ಕುತ್ತು ಬಂದಿತ್ತು. ಕಾಪುವಿನಲ್ಲಿ ಚಾ ಕುಡಿಸಿದರೂ ಮುಖ ಇಳಿಯಲಿಲ್ಲ.

ಹೆಜಮಾಡಿಯ ಮನೆಯಲ್ಲಿ ನಳಿನಾಕ್ಷಿಯವರು ಕಡಲ ಬದಿಯ ಜಗಲಿಯಲ್ಲಿ ನಮ್ಮನ್ನು ಕುಳ್ಳಿರಿಸಿದರು. ಧನರಾಜ್ ಎಳನೀರಿನ ಬೊಂಡ ಕೆತ್ತಿ ಕೊಟ್ಟ. ಸೌಮ್ಯಶ್ರೀ ನಕ್ಷೆ ಬಿಡಿಸಿದ್ದೇ ತಡ, ಗಾಳಿ ಅದನ್ನು ಕಿತ್ತುಕೊಂಡು ಹೋಗಿ ಹನುಮೇಶನ ಮುಖಕ್ಕೆ ಅಂಟಿಸಿತು. ನಳಿನಾಕ್ಷಿಯವರು ನಕ್ಕುಬಿಟ್ಟರು.

“ಇಲ್ಲಿ ಕಾಗದ ನಿಲ್ಲುವುದಿಲ್ಲ. ಧನು, ಕುರ್ಚಿಯೆಲ್ಲ ಮೇಲಿನ ಜಗಲಿಗೆ ಹಾಕು. ಅಲ್ಲಿ ಕೂತು ನೋಡುವ.”

ಧನರಾಜ್ ಕುರ್ಚಿಗಳನ್ನು ಎತ್ತಿಕೊಂಡು ಮನೆಯನ್ನು ಸುತ್ತಿ ಆಚೆ ಬದಿಗೆ ಹೋದ. ಸೌಮ್ಯಶ್ರೀ ನಕ್ಷೆ ಸುರುಳಿ ಸುತ್ತಿ ಅವನ ಹಿಂದೆ ಹೊರಟಳು. ಹನುಮೇಶ ಮಾತ್ರ ನಿಂತಲ್ಲೇ ನಿಂತು ಹಂಚಿನ ಮಾಡನ್ನು ನೋಡುತ್ತಿದ್ದ.

“ಅಕ್ಕಾ, ಈ ಮನಿಗೆ ಮ್ಯಾಲ ಅನ್ನೂದು ಎಲ್ಲೈತ್ರೀ?”

“ಮೇಲೆ ಅಂದರೆ ಮೇಲೆ ಮಾರಾಯ. ರಸ್ತೆ ಬದಿ. ಬಾ ನೀನು” ಎಂದಳು ಸೌಮ್ಯಶ್ರೀ. ಎರಡು ಹೆಜ್ಜೆ ಹೋದವಳು ನಿಂತಳು. ಕೈಯಲ್ಲಿದ್ದ ಸುರುಳಿ ಜಾರಿ ಅಂಗಳಕ್ಕೆ ಬಿತ್ತು.

ಆ ಕೇರಿಯಲ್ಲಿ ಕಡಲ ಬದಿಯೆಲ್ಲ ತಿರ್ತ್, ಎಂದರೆ ಕೆಳಗೆ. ರಸ್ತೆಯ ಬದಿಯೆಲ್ಲ ಮಿತ್ತ್, ಎಂದರೆ ಮೇಲೆ. ನೀರಿನಿಂದ ಎಳೆದ ದೋಣಿ ಮೇಲೆ ಬರುತ್ತದೆ, ಅಂಗಡಿಗೆ ಹೋಗುವವರು ಮೇಲೆ ಹೋಗುತ್ತಾರೆ, ಒಂದೇ ಅಂತಸ್ತಿನ ಮನೆಗೂ ಮೇಲಿನ ಜಗಲಿ, ಕೆಳಗಿನ ಜಗಲಿ ಇರುತ್ತದೆ. ಮಹಡಿಗೆ ಅವರಲ್ಲಿ ಬೇರೆಯೇ ಶಬ್ದ ಉಂಟು, ಉಪ್ಪರಿಗೆ. ಸೌಮ್ಯಶ್ರೀ ಇದೇ ಮಾತಿನಲ್ಲಿ ಹುಟ್ಟಿ ಬೆಳೆದವಳು. ಅದಕ್ಕೇ ಅವಳಿಗೆ ಅದು ಹೊಳೆಯಲಿಲ್ಲ. ಆಫೀಸಿನಲ್ಲಿ ಕನ್ನಡದಲ್ಲಿ ಕೇಳಿದಾಗ ಕನ್ನಡದ್ದೇ ಅರ್ಥ ಮಾಡಿಕೊಂಡಿದ್ದಳು. ಇಲ್ಲಿ ಅಂಗಳದಲ್ಲಿ ಕೇಳಿದಾಗ ಯೋಚಿಸದೆ ರಸ್ತೆ ಬದಿಗೆ ಹೊರಟಿದ್ದಳು. ಎರಡರ ನಡುವಿನ ಸಂದಿ ಕಂಡದ್ದು ಹೊರಗಿನಿಂದ ಬಂದ ಹುಡುಗನಿಗೆ. ಕಲ್ಯಾಣಪುರದ ನನಗಂತೂ ಎರಡೂ ತಿಳಿದಿರಲಿಲ್ಲ.

ರಸ್ತೆ ಬದಿಯ ಜಗಲಿಯಲ್ಲಿ ಸೌಮ್ಯಶ್ರೀ ನಕ್ಷೆಯನ್ನು ಬಿಡಿಸಲೇ ಇಲ್ಲ. ಕುರ್ಚಿಯ ಅಂಚಿನಲ್ಲಿ ಕುಳಿತು ನಳಿನಾಕ್ಷಿಯವರ ಕೈ ಹಿಡಿದುಕೊಂಡಳು.

“ನಳಿನಕ್ಕ, ನೀವು ಮೇಲಿನ ಕೋಣೆ ಸಾಕು ಅಂತ ಹೇಳಿದಿರಲ್ಲ. ಅದು ಯಾವುದು?”

“ಇದು” ಎಂದು ಅವರು ಬೆನ್ನ ಹಿಂದಿನ ಗೋಡೆಯನ್ನು ತಟ್ಟಿದರು. “ನಾನು ಈಗ ಮಲಗುವುದು. ಹೊಸ ಮನೆಯಲ್ಲೂ ಇದೇ ಬದಿ ಇರಲಿ ಅಂತ ಹೇಳಿದ್ದು.”

ಧನರಾಜ್ ಕೊನೆಯ ಕುರ್ಚಿಯನ್ನು ಹಿಡಿದುಕೊಂಡೇ ನಿಂತಿದ್ದ. “ಮತ್ತೆ ಉಪ್ಪರಿಗೆಯಲ್ಲಿ ತೋರಿಸಿದಾಗ ಆಗಬಹುದು ಅಂತ ಯಾಕೆ ಹೇಳಿದ್ದು ಅಮ್ಮ?”

“ನೀನು ಹಾಗೆ ಮಾಡಿಸಿದ್ದು ಅಂತ ಗ್ರಹಿಸಿದೆ. ಹೊಸ ಮನೆಗೆ ನಾಲ್ಕು ಜನ ಬರುವವರು. ಮುದುಕಿ ಎದುರಿಗೆ ಕೂತಿರುವುದು ಬೇಡ ಅಂತ ಇರಬಹುದು ಅಂತ. ಕಟ್ಟುವವ ನೀನಲ್ವಾ? ನಾನು ಎಂತ ಹೇಳುವುದು?”

ಧನರಾಜ್ ಕುರ್ಚಿಯನ್ನು ಕೆಳಗಿಟ್ಟ. “ನಿಮಗೆ ನಮ್ಮಿಂದ ದೂರ ಇರಬೇಕು ಅಂತ ನಾನು ಗ್ರಹಿಸಿದೆ. ಭವ್ಯನ ಹತ್ತಿರ ಎಂತದೋ ಬೇಸರ ಅಂತ. ಅವಳೂ ನಾನು ಎಂತ ತಪ್ಪು ಮಾಡಿದೆ ಅಂತ ಕೇಳಿ ಕೇಳಿ ಅತ್ತಳು.”

“ಅಯ್ಯೋ ಮಗ” ಎಂದರು ನಳಿನಾಕ್ಷಿಯವರು. ಸೆರಗಿನಿಂದ ಮುಖ ಮುಚ್ಚಿಕೊಂಡರು. ಧನರಾಜ್ ತಾಯಿಯ ಕಾಲಬುಡದಲ್ಲಿ ನೆಲಕ್ಕೇ ಕುಳಿತ. ಒಂದೇ ಸೂರಿನಡಿ ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡು ನೊಂದಿದ್ದರು. ನಾವು ಅದನ್ನು ಒಪ್ಪಿಗೆ ಎಂದು ಬರೆದುಕೊಂಡು, ಇನ್ನೇನು ಕಾಂಕ್ರೀಟು ಸುರಿಯುವವರಿದ್ದೆವು.

ಹನುಮೇಶ ಒಂದು ಮೂಲೆಯಲ್ಲಿ ತಪ್ಪು ಮಾಡಿದವನಂತೆ ನಿಂತಿದ್ದ. ನಳಿನಾಕ್ಷಿಯವರು ಕಣ್ಣು ಒರೆಸಿಕೊಂಡು ಅವನನ್ನೇ ಕರೆದರು.

“ನೀನು ಚಂದ ಮಾಡಿದ್ದೆ ಮಗ. ಕಡಲು ಕಾಣಬೇಕು ಅಂತ ಅಲ್ವಾ? ನನಗೆ ಕಡಲು ನೋಡಿ ಸಾಕಾಗಿದೆ. ಇವನ ಅಪ್ಪನನ್ನು ಕಾದದ್ದು, ಇವನನ್ನು ಕಾದದ್ದು, ಎಲ್ಲ ಆ ಬದಿಗೆ ಮುಖ ಮಾಡಿ. ಇನ್ನು ಈ ಬದಿ ಕೂತು ಗೇಟು ತೆಗೆದು ಬರುವವರನ್ನು ನೋಡ್ತೇನೆ.”

ಉಡುಪಿಗೆ ಹಿಂತಿರುಗುವಾಗ ಕಾಪು ದಾಟಿದ ಮೇಲೆ ಹನುಮೇಶನೇ ಬಾಯಿ ತೆರೆದ. ರಸ್ತೆ ಬದಿಯಲ್ಲಿ ಧನರಾಜನ ಆಫೀಸಿಗೆಂದು ಇಟ್ಟ ಕೋಣೆ ಇದೆಯಲ್ಲ, ಅದನ್ನೇ ಅಮ್ಮನಿಗೆ ಕೊಡಬಹುದು ಎಂದ. ಧನರಾಜನಿಗೆ ಫೋನು ಮಾಡಿ ಕೇಳಿದರೆ, ನನಗೆಂಥ ಆಫೀಸು, ಎಲ್ಲ ಮೊಬೈಲಿನಲ್ಲಿ ಉಂಟು ಎಂದ. ಕೇಳಲು ಸುಲಭ. ಆದರೆ ಆ ಕೋಣೆಗೆ ಬಚ್ಚಲು ಬೇಕು, ಬಚ್ಚಲು ಬಂದರೆ ಕಾರು ನಿಲ್ಲಿಸುವ ಜಾಗ ಕಿರಿದಾಗುತ್ತದೆ, ಅದು ಕಿರಿದಾದರೆ ಕಂಬ ಸರಿಯಬೇಕು, ಕಂಬ ಸರಿದರೆ ಮಹಡಿಯ ತೊಲೆ ಸರಿಯಬೇಕು. ದಿನ ಹತ್ತಿರ ಬಂದರೂ ನಕ್ಷೆ ಕೈಸೇರದ ಸಿಟ್ಟಿನಲ್ಲಿ ಮಣಿಪಾಲದ ಎಂಜಿನಿಯರು ನನಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ನಾನು ಅದನ್ನೇ ಸ್ವಲ್ಪ ಮಸಾಲೆ ಸೇರಿಸಿ ಸೌಮ್ಯಶ್ರೀಗೆ ಹೇಳಿದೆ. ಆಕೆ ಎಲ್ಲರನ್ನೂ ಮತ್ತೆ ಮೊದಲಿನಿಂದ ಎಬ್ಬಿಸಿದಳು. ಈ ಸಲ ಪೆನ್ಸಿಲನ್ನು ಹನುಮೇಶನ ಕೈಗೆ ಕೊಟ್ಟು ತಾನು ಬದಿಯಲ್ಲಿ ಕುಳಿತಳು. ಅವನು ಧನರಾಜನನ್ನು ಎಬ್ಬಿಸಿದ, ಭವ್ಯಶ್ರೀಯನ್ನು ಶಾಲೆಗೆ ಕಳಿಸಿದ, ನಳಿನಾಕ್ಷಿಯವರನ್ನು ಜಗಲಿಗೆ ನಡೆಸಿಕೊಂಡು ಹೋದ. ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ. ಅವನ ಕಡಲ ಕಿಟಕಿ ಮಹಡಿಯಲ್ಲಿ ಹಾಗೆಯೇ ಉಳಿದು ಗಂಡಹೆಂಡಿರ ಪಾಲಾಯಿತು.

ಹೊಸ ನಕ್ಷೆ ನೋಡಲು ಈ ಸಲ ಭವ್ಯಶ್ರೀಯೂ ಸೇರಿ ಮೂವರೂ ಬಂದರು. ಕೆಸರುಕಲ್ಲಿನ ದಿನ ಹತ್ತಿರ ಬಂದಿತ್ತು, ನಾನು ಗಡಿಯಾರ ನೋಡುತ್ತಲೇ ಇದ್ದೆ. ಹನುಮೇಶ ಕಾಗದವನ್ನು ನಳಿನಾಕ್ಷಿಯವರ ಮುಂದೆ ಹರಡಿ, ಅವರ ಕೋಣೆ ಯಾವುದು, ಗೇಟು ಯಾವುದು, ಕಡಲು ಯಾವ ಬದಿ ಎಂದು ಬೆರಳಿಟ್ಟು ತೋರಿಸಿದ. ಆಮೇಲೆ ಕಿವಿಯವರೆಗೂ ಕೆಂಪಾಗಿ, ನಾನು ಕೇಳಿದಂತೆ ಮೊದಲ ಸಲ, ತುಳುವಿನಲ್ಲಿ ಬಾಯಿಬಿಟ್ಟ.

“ಆವಾ ಅಮ್ಮ?”

ನಳಿನಾಕ್ಷಿಯವರು ತುಂಬ ಹೊತ್ತು ನೋಡಿದರು. ಆಗಬಹುದು ಎನ್ನುತ್ತಾರೆ, ನಕ್ಷೆ ಸಂಜೆಯೊಳಗೆ ಮಣಿಪಾಲ ಸೇರುತ್ತದೆ ಎಂದು ನಾನು ಕಾಯುತ್ತಿದ್ದೆ.

“ಈ ಕಿಟಕಿ ಯಾಕೆ ಇಷ್ಟು ಎತ್ತರ? ಮಲಗಿದಲ್ಲಿಂದ ಗೇಟು ಕಾಣಬೇಡವಾ?” ಎಂದರು ಅವರು. ಸೌಮ್ಯಶ್ರೀ ಕೆಂಪು ಪೆನ್ಸಿಲು ಎತ್ತಿಕೊಂಡಳು. “ಬಾಗಿಲು ಈ ಬದಿ ಬೇಡ, ಅಡುಗೆಮನೆ ಬದಿ ಇಡಿ. ಭವ್ಯ ಒಬ್ಬಳೇ ಕೆಲಸ ಮಾಡುವಾಗ ನಾನು ಇಲ್ಲಿಂದಲೇ ಮಾತಾಡಬಹುದು. ಮತ್ತೆ ಜಗಲಿ ಯಾಕೆ ಇಷ್ಟು ಸಪೂರ? ನಾಲ್ಕು ಜನ ಬಂದರೆ ಎಲ್ಲಿ ಕೂರುವುದು? ಬಚ್ಚಲಿಗೆ ಈ ನುಣುಪು ಕಲ್ಲು ಹಾಕಬೇಡಿ, ನಾನು ಬೀಳಬೇಕಾ?”

“ಅತ್ತೆ, ಸಾಕು” ಎಂದು ಭವ್ಯಶ್ರೀ ನಗುತ್ತಾ ಅವರ ತೋಳು ಹಿಡಿದಳು.

“ಎಂತ ಸಾಕು? ನಾನು ಇರಬೇಕಾದ ಮನೆ” ಎಂದರು ನಳಿನಾಕ್ಷಿಯವರು.

ನಕ್ಷೆಯ ತುಂಬ ಕೆಂಪು ಸೊನ್ನೆಗಳು. ಮಣಿಪಾಲದ ಎಂಜಿನಿಯರಿನ ಮುಖ ನನ್ನ ಕಣ್ಣೆದುರು ಬಂತು. ನಾನು ತಲೆಯ ಮೇಲೆ ಕೈ ಹೊತ್ತು, ಸೌಮ್ಯ, ಈ ಜನ್ಮದಲ್ಲಿ ಇವರು ಒಪ್ಪುವುದು ಉಂಟಾ ಎಂದು ಮೆಲ್ಲಗೆ ಕೇಳಿದೆ.

ಆಕೆ ಕೊನೆಯ ಸೊನ್ನೆಯನ್ನು ಮುಗಿಸಿ ಪೆನ್ಸಿಲನ್ನು ಕೆಳಗಿಟ್ಟಳು.

“ಒಪ್ಪಿ ಆಯಿತು ಸರ್. ಈಗ ಒಪ್ಪಿದ್ದು.”